ಭೂಮೂಲದ ತ್ಯಾಜ್ಯದಿಂದ ಸಮುದ್ರ ಮಾಲಿನ್ಯ: ಸರ್ಕಾರದ ನೀತಿ ಹಾಗೂ ಕರಾವಳಿಯ ಅರ್ಜಿದಾರರು ತಿಳಿದಿರಬೇಕಾದ ವಿಷಯಗಳು

ಪೀಠಿಕೆ

ಸಮುದ್ರ ಮಾಲಿನ್ಯ ಎಂದೊಡನೆ ಹಡಗಿನಿಂದ ಸೋರಿದ ತೈಲವು ಸಾಮಾನ್ಯವಾಗಿ ನೆನಪಿಗೆ ಬರುತ್ತದೆ. ವಾಸ್ತವದಲ್ಲಿ ಸಮುದ್ರವನ್ನು ಸೇರುವ ಮಾಲಿನ್ಯದ ಬಹುಪಾಲು ಭೂಮಿಯಿಂದಲೇ ಬರುತ್ತದೆ. ಈ ಪಾಲು ಶೇಕಡ 80ರಷ್ಟಿದೆ ಎಂದು ವಿಶ್ವಸಂಸ್ಥೆಯ ಪ್ರಕಟಣೆಗಳು ಸಾಮಾನ್ಯವಾಗಿ ಅಂದಾಜಿಸುತ್ತವೆ. ಮನೆಯ ಬಚ್ಚಲು, ಹೋಟೆಲಿನ ಅಡುಗೆಮನೆ, ಮೀನು ಸಂಸ್ಕರಣಾ ಘಟಕ, ಕಾರ್ಖಾನೆಯ ಕೊಳವೆ, ರಸ್ತೆ ಬದಿಯ ಕಸ ಮತ್ತು ಹೊಲದ ಗೊಬ್ಬರ ಇವೆಲ್ಲವೂ ತೋಡು, ಹಳ್ಳ ಮತ್ತು ನದಿಗಳ ಮೂಲಕ ಕೊನೆಗೆ ಕಡಲನ್ನು ಸೇರುತ್ತವೆ.

ಈ ಕಾರಣದಿಂದ ಸಮುದ್ರವನ್ನು ಕಾಪಾಡುವ ಸರ್ಕಾರದ ನೀತಿಯು ಬಹುಮಟ್ಟಿಗೆ ದಡದ ಮೇಲೆಯೇ ಜಾರಿಯಾಗುತ್ತದೆ. ಕಟ್ಟಡ ಪರವಾನಗಿ, ಒಳಚರಂಡಿ ಸಂಪರ್ಕ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಮತ್ತು ಕರಾವಳಿ ನಿಯಂತ್ರಣ ವಲಯದ ಅನುಮತಿ ಇವುಗಳಿಗಾಗಿ ನಾಗರಿಕರು ಸಲ್ಲಿಸುವ ಅರ್ಜಿಗಳೇ ಈ ನೀತಿಯ ಮುಖ್ಯ ಸಾಧನಗಳಾಗಿವೆ. ಅರ್ಜಿಯಲ್ಲಿ ಕೇಳಲಾಗುವ ಪ್ರಶ್ನೆಗಳ ಹಿಂದಿರುವ ಉದ್ದೇಶವನ್ನು ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಸಾರ್ವಜನಿಕರಿಗೆ ವಿವರಿಸುವುದು ಈ ಪುಟದ ಉದ್ದೇಶವಾಗಿದೆ.

1. ಕರ್ನಾಟಕ ಕರಾವಳಿಯ ವಿಶೇಷ ಪರಿಸ್ಥಿತಿ

ರಾಜ್ಯದ ಕರಾವಳಿಯು 300 ಕಿ.ಮೀ.ಗೂ ಹೆಚ್ಚು ಉದ್ದವಿದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಸೌಪರ್ಣಿಕಾ, ವಾರಾಹಿ, ಸೀತಾ, ಸ್ವರ್ಣಾ, ಶಾಂಭವಿ, ಫಲ್ಗುಣಿ ಮತ್ತು ನೇತ್ರಾವತಿ ಮೊದಲಾದ ನದಿಗಳು ಘಟ್ಟದಿಂದ ಇಳಿದು ಕಡಿಮೆ ದೂರದಲ್ಲಿಯೇ ಅರಬ್ಬೀ ಸಮುದ್ರವನ್ನು ಸೇರುತ್ತವೆ. ಇಲ್ಲಿನ ಮಾಲಿನ್ಯವನ್ನು ಅರಿಯಲು ಮೂರು ಸಂಗತಿಗಳನ್ನು ಗಮನಿಸುವುದು ಅವಶ್ಯಕ.

ಮೊದಲನೆಯದು ಮಳೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ ಹಾಗೂ ಅದರ ಬಹುಭಾಗವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಬೇಸಿಗೆಯುದ್ದಕ್ಕೂ ಚರಂಡಿ ಮತ್ತು ತೋಡುಗಳಲ್ಲಿ ಶೇಖರವಾದ ಕಸ ಹಾಗೂ ಕೊಳಚೆಯು ಮೊದಲ ಕೆಲವು ಮಳೆಗಳಲ್ಲಿಯೇ ಒಮ್ಮೆಗೆ ಕಡಲಿಗೆ ಹರಿಯುತ್ತದೆ. ಮೀನಿನ ಸಂತಾನಾಭಿವೃದ್ಧಿಯ ದೃಷ್ಟಿಯಿಂದ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಯನ್ನು ನಿಷೇಧಿಸಲಾಗಿರುವುದೂ ಇದೇ ಅವಧಿಯಲ್ಲಿ. ಮೀನುಗಾರರು ಬಲೆಯನ್ನು ದಡಕ್ಕೆ ಎಳೆದು ಕಾಯುವ ಸಮಯದಲ್ಲಿಯೇ ದಡದ ಕಸವು ಮೀನಿನ ಮರಿಗಳಿರುವ ನೀರನ್ನು ಸೇರುತ್ತದೆ.

ಎರಡನೆಯದು ಅಳಿವೆ. ಬೇಸಿಗೆಯಲ್ಲಿ ನದಿಯ ಹರಿವು ಕ್ಷೀಣಿಸಿದಾಗ ಅಳಿವೆಗೆ ಬಿಟ್ಟ ಕೊಳಚೆಯು ನೇರವಾಗಿ ಸಮುದ್ರಕ್ಕೆ ಹೋಗುವುದಿಲ್ಲ. ಉಬ್ಬರದ ವೇಳೆ ಅದು ಮತ್ತೆ ನದಿಯ ಒಳಭಾಗಕ್ಕೆ ತಳ್ಳಲ್ಪಡುತ್ತದೆ ಹಾಗೂ ಇಳಿತದ ವೇಳೆ ಸ್ವಲ್ಪ ಭಾಗ ಮಾತ್ರ ಹೊರಹೋಗುತ್ತದೆ. ಮರುವಾಯಿ ಮತ್ತು ಚಿಪ್ಪಿಕಲ್ಲುಗಳಂತಹ ಜೀವಿಗಳು ನೀರನ್ನು ಸೋಸಿ ಆಹಾರ ಪಡೆಯುವುದರಿಂದ ನೀರಿನಲ್ಲಿರುವ ರೋಗಾಣುಗಳು ಅವುಗಳ ದೇಹದಲ್ಲಿ ಶೇಖರವಾಗುತ್ತವೆ. ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಅಳಿವೆಯಲ್ಲಿ ಇಂತಹ ಚಿಪ್ಪುಜೀವಿಗಳ ಸಂಗ್ರಹಣೆಯು ಅನೇಕ ಕುಟುಂಬಗಳ ಜೀವನೋಪಾಯವಾಗಿದೆ. ಈ ಅಳಿವೆಯನ್ನು 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿಸಲಾಗಿದೆ.

ಮೂರನೆಯದು ಬಾವಿ. ಕರಾವಳಿಯ ಬಹುತೇಕ ಮನೆಗಳಲ್ಲಿ ತೆರೆದ ಬಾವಿಯಿದ್ದು, ಮಣ್ಣು ಮರಳು ಅಥವಾ ಜಂಬಿಟ್ಟಿಗೆ ಸ್ವರೂಪದ್ದಾಗಿದೆ. ಮಳೆಗಾಲದಲ್ಲಿ ಅಂತರ್ಜಲವು ನೆಲಮಟ್ಟದ ಸಮೀಪಕ್ಕೆ ಏರುತ್ತದೆ. ತಳವಿಲ್ಲದ ಶೌಚ ಗುಂಡಿಯಿಂದ ಇಳಿದ ನೀರು ಕಡಲನ್ನು ಸೇರುವ ಮೊದಲು ಅದೇ ಮನೆಯ ಅಥವಾ ನೆರೆಮನೆಯ ಬಾವಿಯನ್ನು ಸೇರುವ ಸಾಧ್ಯತೆಯಿರುತ್ತದೆ. ಮಂಗಳೂರು ನಗರಕ್ಕೆ ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನಿಂದಲೂ ಉಡುಪಿ ನಗರಕ್ಕೆ ಸ್ವರ್ಣಾ ನದಿಯ ಬಜೆಯಿಂದಲೂ ಕುಡಿಯುವ ನೀರು ಪೂರೈಕೆಯಾಗುತ್ತದೆ. ಆದುದರಿಂದ ಕಡಲಿಗೆ ಹೋಗುವ ಮಾಲಿನ್ಯವನ್ನು ತಡೆಯುವ ಕ್ರಮಗಳು ಮೊದಲು ಕಾಪಾಡುವುದು ಕುಡಿಯುವ ನೀರನ್ನು.

2. ನೀತಿ ಮತ್ತು ಕಾನೂನು ಬೆಳೆದು ಬಂದ ಬಗೆ

ಭೂಮೂಲದ ಮಾಲಿನ್ಯದ ಬಗ್ಗೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 1985ರಲ್ಲಿ ಮಾಂಟ್ರಿಯಲ್ ಮಾರ್ಗಸೂಚಿಗಳನ್ನು ರೂಪಿಸಿತು. 1982ರ ಸಮುದ್ರ ಕಾನೂನು ಒಡಂಬಡಿಕೆಯ 207ನೇ ವಿಧಿಯು ನದಿ, ಅಳಿವೆ, ಕೊಳವೆ ಮಾರ್ಗ ಮತ್ತು ಹೊರಹರಿವು ರಚನೆಗಳ ಮೂಲಕ ಆಗುವ ಮಾಲಿನ್ಯವನ್ನು ತಡೆಯಲು ಪ್ರತಿಯೊಂದು ರಾಷ್ಟ್ರವೂ ಕಾನೂನು ರಚಿಸಬೇಕೆಂದು ವಿಧಿಸುತ್ತದೆ. ಭಾರತವು ಈ ಒಡಂಬಡಿಕೆಯನ್ನು 1995ರ ಜೂನ್‌ನಲ್ಲಿ ಅನುಮೋದಿಸಿತು. ಅದೇ ವರ್ಷ ವಾಷಿಂಗ್ಟನ್‌ನಲ್ಲಿ ನೂರಕ್ಕೂ ಹೆಚ್ಚು ಸರ್ಕಾರಗಳು ಭೂಮೂಲದ ಚಟುವಟಿಕೆಗಳಿಂದ ಸಮುದ್ರ ಪರಿಸರವನ್ನು ರಕ್ಷಿಸುವ ಜಾಗತಿಕ ಕಾರ್ಯಕ್ರಮವನ್ನು ಅಂಗೀಕರಿಸಿದವು.

ನಮ್ಮ ದೇಶದಲ್ಲಿ ಇದಕ್ಕೂ ಮೊದಲೇ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1974 ಜಾರಿಗೆ ಬಂದಿತ್ತು. ರಾಜ್ಯ ಸರ್ಕಾರವು ಅಧಿಸೂಚಿಸಿದ ಮಟ್ಟಿಗೆ ಸಮುದ್ರ ಮತ್ತು ಉಬ್ಬರವಿಳಿತದ ನೀರು ಸಹ ಈ ಅಧಿನಿಯಮದ ವ್ಯಾಪ್ತಿಗೆ ಒಳಪಡುತ್ತದೆ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು 1974ರ ಸೆಪ್ಟೆಂಬರ್ 21ರಂದು ರಚಿಸಲಾಯಿತು. ತರುವಾಯ ಪರಿಸರ (ಸಂರಕ್ಷಣೆ) ಅಧಿನಿಯಮ, 1986 ಜಾರಿಗೆ ಬಂದು, ಅದರ ಅಡಿಯಲ್ಲಿ ತ್ಯಾಜ್ಯ ನೀರಿನ ಮಾನದಂಡಗಳನ್ನು ನಿಗದಿಪಡಿಸಲಾಯಿತು. ಇದೇ ಅಧಿನಿಯಮದ ಅಡಿಯಲ್ಲಿ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯನ್ನು ಮೊದಲಿಗೆ 1991ರಲ್ಲಿಯೂ, ಅನಂತರ ಪರಿಷ್ಕರಿಸಿ 2011 ಮತ್ತು 2019ರಲ್ಲಿಯೂ ಹೊರಡಿಸಲಾಯಿತು.

ಈ ಮೂರೂ ಅಧಿಸೂಚನೆಗಳಲ್ಲಿ ಒಂದು ನಿಯಮವು ಬದಲಾಗದೆ ಉಳಿದಿದೆ. ಕೈಗಾರಿಕೆ, ನಗರ, ಪಟ್ಟಣ ಹಾಗೂ ಇತರ ಜನವಸತಿಗಳ ಸಂಸ್ಕರಿಸದ ತ್ಯಾಜ್ಯವನ್ನು ವಲಯದೊಳಗೆ ಬಿಡುವಂತಿಲ್ಲ. ಈಗಾಗಲೇ ಬಿಡಲಾಗುತ್ತಿದ್ದಲ್ಲಿ ಸಂಬಂಧಿಸಿದ ಪ್ರಾಧಿಕಾರಗಳು ಅದನ್ನು ಕಾಲಮಿತಿಯೊಳಗೆ ನಿಲ್ಲಿಸತಕ್ಕದ್ದು. ಹೀಗೆ ಈ ಹೊಣೆಯು ಖಾಸಗಿಯವರಂತೆಯೇ ಸ್ಥಳೀಯ ಸಂಸ್ಥೆಗಳ ಮೇಲೆಯೂ ಇದೆ.

ಕರಾವಳಿ ಪಟ್ಟಣಗಳಲ್ಲಿ ಒಳಚರಂಡಿ ವ್ಯವಸ್ಥೆಯನ್ನು ವಿಸ್ತರಿಸಲು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಕರ್ನಾಟಕ ನಗರಾಭಿವೃದ್ಧಿ ಮತ್ತು ಕರಾವಳಿ ಪರಿಸರ ನಿರ್ವಹಣಾ ಯೋಜನೆಯು 1999ರಲ್ಲಿ ಮಂಜೂರಾಯಿತು. ಮಂಗಳೂರು, ಉಳ್ಳಾಲ, ಪುತ್ತೂರು, ಉಡುಪಿ, ಕುಂದಾಪುರ, ಭಟ್ಕಳ, ಅಂಕೋಲಾ, ಕಾರವಾರ, ಶಿರಸಿ ಮತ್ತು ದಾಂಡೇಲಿ ಇದರ ವ್ಯಾಪ್ತಿಗೆ ಸೇರಿದ್ದವು. ಕೊಳವೆ ಹಾಕಿದ ಮಾತ್ರಕ್ಕೆ ಇಂತಹ ಯೋಜನೆಯ ಉದ್ದೇಶ ಈಡೇರುವುದಿಲ್ಲ. ಮನೆ ಮನೆಯ ಸಂಪರ್ಕವಾಗಿ, ಕೊಳಚೆಯು ಸಂಸ್ಕರಣಾ ಘಟಕವನ್ನು ತಲುಪಿದಾಗ ಮಾತ್ರ ಅದು ಸಾರ್ಥಕವಾಗುತ್ತದೆ. ಒಳಚರಂಡಿ ಸಂಪರ್ಕದ ಅರ್ಜಿಗೆ ಇರುವ ಮಹತ್ವ ಇದೇ ಆಗಿದೆ.

3. ಮಾನದಂಡಗಳು ಮತ್ತು ಒಂದು ಸಾಮಾನ್ಯ ತಪ್ಪು ತಿಳಿವಳಿಕೆ

ತ್ಯಾಜ್ಯ ನೀರಿನಲ್ಲಿರುವ ಸಾವಯವ ವಸ್ತುವನ್ನು ಸೂಕ್ಷ್ಮಜೀವಿಗಳು ಕೊಳೆಸುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಈ ಬಳಕೆಯ ಅಳತೆಯನ್ನು ಜೈವಿಕ ಆಮ್ಲಜನಕ ಬೇಡಿಕೆ (ಬಿ.ಒ.ಡಿ.) ಎನ್ನಲಾಗುತ್ತದೆ. ಇದು ಹೆಚ್ಚಿದಷ್ಟೂ ಮೀನು ಮತ್ತಿತರ ಜೀವಿಗಳಿಗೆ ಉಳಿಯುವ ಆಮ್ಲಜನಕ ಕಡಿಮೆಯಾಗುತ್ತದೆ. ಪರಿಸರ (ಸಂರಕ್ಷಣೆ) ನಿಯಮಗಳು, 1986ರ 6ನೇ ಅನುಸೂಚಿಯ ಸಾಮಾನ್ಯ ಮಾನದಂಡಗಳ ಪ್ರಕಾರ ಒಂದು ಲೀಟರ್ ತ್ಯಾಜ್ಯ ನೀರಿನಲ್ಲಿ ಬಿ.ಒ.ಡಿ. ಮಿತಿಯು ಕೆಳಕಂಡಂತಿದೆ:

ನದಿ, ಹಳ್ಳ ಮುಂತಾದ ಒಳನಾಡಿನ ಮೇಲ್ಮೈ ನೀರಿಗೆ ಬಿಡುವುದಾದರೆ: 30 ಮಿಲಿಗ್ರಾಂ
ನೀರಾವರಿಗಾಗಿ ಭೂಮಿಗೆ ಬಿಡುವುದಾದರೆ: 100 ಮಿಲಿಗ್ರಾಂ
ಸಮುದ್ರ ತೀರದ ನೀರಿಗೆ ಬಿಡುವುದಾದರೆ: 100 ಮಿಲಿಗ್ರಾಂ
ಸಾರ್ವಜನಿಕ ಒಳಚರಂಡಿಗೆ ಬಿಡುವುದಾದರೆ: 350 ಮಿಲಿಗ್ರಾಂ

ತೈಲ ಮತ್ತು ಜಿಡ್ಡಿನ ಮಿತಿಯು ಒಳನಾಡಿನ ನೀರಿಗೆ 10 ಮಿಲಿಗ್ರಾಂ ಹಾಗೂ ಸಮುದ್ರ ತೀರದ ನೀರಿಗೆ 20 ಮಿಲಿಗ್ರಾಂ ಆಗಿದೆ. ಕೆಲವು ಉದ್ದಿಮೆಗಳಿಗೆ ಪ್ರತ್ಯೇಕ ಮಾನದಂಡಗಳಿವೆ. ಮಂಡಳಿಯು ಸ್ಥಳದ ಪರಿಸ್ಥಿತಿಗೆ ಅನುಗುಣವಾಗಿ ಇನ್ನೂ ಕಠಿಣವಾದ ಮಿತಿಯನ್ನು ಸಹ ವಿಧಿಸಬಹುದು.

ಈ ಅಂಕಿಗಳನ್ನು ನೋಡಿ ಕೆಲವು ಅರ್ಜಿದಾರರು, ತಮ್ಮ ಘಟಕವು ಕಡಲಿನ ಸಮೀಪದಲ್ಲಿರುವುದರಿಂದ ತಮಗೆ 100 ಮಿಲಿಗ್ರಾಂ ಮಿತಿಯೇ ಅನ್ವಯವಾಗುವುದೆಂದು ಭಾವಿಸುತ್ತಾರೆ. ಇದು ಸರಿಯಲ್ಲ. ಘಟಕವು ಕಡಲಿಗೆ ಎಷ್ಟು ಸಮೀಪವಿದೆ ಎಂಬುದಕ್ಕಿಂತ ತ್ಯಾಜ್ಯ ನೀರನ್ನು ಎಲ್ಲಿಗೆ ಬಿಡಲಾಗುತ್ತದೆ ಎಂಬುದು ಮುಖ್ಯವಾಗಿದೆ. ಘಟಕದ ಹಿಂದಿನ ತೋಡಿಗೆ ಬಿಟ್ಟ ನೀರು ಮುಂದೆ ಕಡಲನ್ನೇ ಸೇರಿದರೂ ಆ ತೋಡಿಗೆ ಕಡಲಿನಂತೆ ಅದನ್ನು ತನ್ನಲ್ಲಿ ಬೆರೆಸಿಕೊಳ್ಳುವ ಶಕ್ತಿಯಿರುವುದಿಲ್ಲ. ಅಂತೆಯೇ ತ್ಯಾಜ್ಯ ನೀರಿಗೆ ಶುದ್ಧ ನೀರನ್ನು ಬೆರೆಸಿ ಅಂಕಿಯನ್ನು ಇಳಿಸುವುದು ಸಂಸ್ಕರಣೆ ಎನಿಸುವುದಿಲ್ಲ. ಕಡಲಿಗೆ ಸೇರುವ ಕೊಳೆಯ ಒಟ್ಟು ಪ್ರಮಾಣವು ಅದರಿಂದ ಕಡಿಮೆಯಾಗುವುದಿಲ್ಲ.

ಸಮುದ್ರದ ನೀರಿಗೂ ಅದರ ಉಪಯೋಗಕ್ಕೆ ಅನುಗುಣವಾಗಿ ಐದು ದರ್ಜೆಗಳನ್ನು ನಿಗದಿಪಡಿಸಲಾಗಿದೆ. ಸ್ನಾನ, ಜಲಕ್ರೀಡೆ ಮತ್ತು ವಾಣಿಜ್ಯ ಮೀನುಗಾರಿಕೆಗೆ ಉಪಯೋಗವಾಗುವ ಎರಡನೇ ದರ್ಜೆಯ ನೀರಿನಲ್ಲಿ ಬಿ.ಒ.ಡಿ. ಲೀಟರಿಗೆ 3 ಮಿಲಿಗ್ರಾಂ ಮೀರಬಾರದು ಹಾಗೂ ಮಲಮೂಲದ ಕೋಲಿಫಾರ್ಮ್ ಸೂಕ್ಷ್ಮಾಣುಗಳು 100 ಮಿಲಿಲೀಟರಿಗೆ 100ನ್ನು ಮೀರಬಾರದು. 2020ರಲ್ಲಿ ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಹೊನ್ನಾವರ ತಾಲ್ಲೂಕಿನ ಕಾಸರಕೋಡು ಕಡಲತೀರಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆಯಿತು. ಇಂತಹ ಮಾನ್ಯತೆಗೆ ಸ್ನಾನಯೋಗ್ಯ ನೀರಿನ ಗುಣಮಟ್ಟವು ಒಂದು ಮುಖ್ಯ ಷರತ್ತಾಗಿದೆ.

4. ಯಾರು ಯಾವ ಅನುಮತಿಯನ್ನು ಪಡೆಯಬೇಕು?

(ಅ) ವಾಸದ ಮನೆ ಕಟ್ಟುವವರು: ಒಳಚರಂಡಿ ಇರುವ ಪ್ರದೇಶದಲ್ಲಿ ಸಂಪರ್ಕಕ್ಕಾಗಿ ನಗರ ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸತಕ್ಕದ್ದು. ಮಳೆನೀರನ್ನು ಒಳಚರಂಡಿಗೂ, ಕೊಳಚೆಯನ್ನು ಮಳೆನೀರಿನ ಚರಂಡಿಗೂ ಜೋಡಿಸಬಾರದು. ಮೊದಲನೆಯದರಿಂದ ಮಳೆಗಾಲದಲ್ಲಿ ಆಳುಗುಂಡಿಗಳು ಉಕ್ಕಿ ಹರಿಯುತ್ತವೆ. ಎರಡನೆಯದರಿಂದ ಕೊಳಚೆಯು ಸಂಸ್ಕರಣೆಯಾಗದೆ ನೇರವಾಗಿ ತೋಡನ್ನು ಸೇರುತ್ತದೆ. ಒಳಚರಂಡಿ ಇಲ್ಲದಿರುವಲ್ಲಿ ನೀರು ಸೋರದಂತೆ ಕಟ್ಟಿದ ಸೆಪ್ಟಿಕ್ ಟ್ಯಾಂಕ್ ಮತ್ತು ಇಂಗುಗುಂಡಿಯನ್ನು ನಕ್ಷೆಯಲ್ಲಿ ತೋರಿಸತಕ್ಕದ್ದು. ಸ್ವಂತ ಹಾಗೂ ನೆರೆಯವರ ಬಾವಿಗಳ ಸ್ಥಾನವನ್ನೂ ಗುರುತಿಸುವುದು ಸೂಕ್ತ. ಸೆಪ್ಟಿಕ್ ಟ್ಯಾಂಕನ್ನು ಎರಡರಿಂದ ಮೂರು ವರ್ಷಗಳಿಗೊಮ್ಮೆ ಯಂತ್ರದ ಮೂಲಕವೇ ತೆರವುಗೊಳಿಸಬೇಕು. ಮನುಷ್ಯರನ್ನು ಗುಂಡಿಗೆ ಇಳಿಸಿ ಅಪಾಯಕಾರಿಯಾಗಿ ಸ್ವಚ್ಛಗೊಳಿಸುವುದನ್ನು 2013ರ ಅಧಿನಿಯಮವು ನಿಷೇಧಿಸಿದೆ. ತೆರವುಗೊಳಿಸಿದ ಮಲತ್ಯಾಜ್ಯವನ್ನು ವಾಹನದವರು ಎಲ್ಲಿ ವಿಲೇವಾರಿ ಮಾಡುತ್ತಾರೆ ಎಂಬುದನ್ನು ಮನೆಯವರು ವಿಚಾರಿಸಿ ತಿಳಿಯಬೇಕು. ಅದು ರಾತ್ರಿ ವೇಳೆ ಹೊಳೆಯನ್ನು ಸೇರಿದರೆ ಟ್ಯಾಂಕ್ ಕಟ್ಟಿದ ಪ್ರಯೋಜನವೇ ಇಲ್ಲದಂತಾಗುತ್ತದೆ.

(ಆ) ಹೋಟೆಲ್, ವಸತಿಗೃಹ, ಮಂಜುಗಡ್ಡೆ ಸ್ಥಾವರ, ಮೀನು ಸಂಸ್ಕರಣೆ, ಮೀನುಹುಡಿ ಮತ್ತು ಮೀನೆಣ್ಣೆ ಘಟಕ ಹಾಗೂ ಇತರ ಉದ್ದಿಮೆದಾರರು: ಜಲ ಅಧಿನಿಯಮದ 25ನೇ ಪ್ರಕರಣದ ಮೇರೆಗೆ ಮಂಡಳಿಯ ಪೂರ್ವ ಸಮ್ಮತಿ ಇಲ್ಲದೆ ತ್ಯಾಜ್ಯ ನೀರನ್ನು ಹೊರಬಿಡುವ ಘಟಕವನ್ನು ಸ್ಥಾಪಿಸುವಂತಿಲ್ಲ. ಕಟ್ಟಡ ಆರಂಭಿಸುವ ಮೊದಲು ಸ್ಥಾಪನಾ ಸಮ್ಮತಿಯನ್ನೂ, ಕೆಲಸ ಆರಂಭಿಸುವ ಮೊದಲು ಕಾರ್ಯಾಚರಣೆ ಸಮ್ಮತಿಯನ್ನೂ ಪಡೆಯತಕ್ಕದ್ದು. ಮಾಲಿನ್ಯದ ಸಾಧ್ಯತೆಗೆ ಅನುಗುಣವಾಗಿ ಘಟಕಗಳನ್ನು ಕೆಂಪು, ಕಿತ್ತಳೆ, ಹಸಿರು ಮತ್ತು ಬಿಳಿ ಮೊದಲಾದ ಪ್ರವರ್ಗಗಳಾಗಿ ವಿಂಗಡಿಸಲಾಗಿದೆ. ಬಿಳಿ ಪ್ರವರ್ಗದ ಘಟಕಗಳಿಗೆ ಸಮ್ಮತಿಯ ಅಗತ್ಯವಿಲ್ಲ. ಮಂಡಳಿಗೆ ಮಾಹಿತಿ ನೀಡಿದರೆ ಸಾಕು. ಮೀನು ತೊಳೆದ ಮತ್ತು ಬೇಯಿಸಿದ ನೀರಿನಲ್ಲಿ ರಕ್ತ, ಎಣ್ಣೆ ಹಾಗೂ ಮಾಂಸದ ಅಂಶಗಳು ಅಧಿಕವಾಗಿರುವುದರಿಂದ ಅದರ ಬಿ.ಒ.ಡಿ. ಮನೆಯ ಕೊಳಚೆಗಿಂತ ಹೆಚ್ಚಿರುತ್ತದೆ. ಇಂತಹ ಘಟಕಗಳಿಗೆ ಸೆಪ್ಟಿಕ್ ಟ್ಯಾಂಕ್ ಸಾಕಾಗುವುದಿಲ್ಲ.

(ಇ) ಕರಾವಳಿ ನಿಯಂತ್ರಣ ವಲಯದಲ್ಲಿ ನಿರ್ಮಾಣ ಮಾಡುವವರು: 2019ರ ಅಧಿಸೂಚನೆಯ ಪ್ರಕಾರ ಸಮುದ್ರದ ಉಬ್ಬರ ರೇಖೆಯಿಂದ ಭೂಮಿಯ ಕಡೆಗೆ 500 ಮೀಟರ್ ವರೆಗಿನ ಪ್ರದೇಶವು ಈ ವಲಯಕ್ಕೆ ಸೇರುತ್ತದೆ. ಉಬ್ಬರವಿಳಿತದ ಪ್ರಭಾವವಿರುವ ನದಿ ಮತ್ತು ಹಿನ್ನೀರಿನ ದಡದಲ್ಲಿ 50 ಮೀಟರ್ ಅಥವಾ ಆ ಜಲಮೂಲದ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಪ್ರದೇಶವು ಸೇರುತ್ತದೆ. 300 ಚದರ ಮೀಟರ್ ವರೆಗಿನ ಸ್ವಂತ ವಾಸದ ಮನೆಗೆ ಸ್ಥಳೀಯ ಪ್ರಾಧಿಕಾರವೇ ಅಧಿಸೂಚನೆಯ ಷರತ್ತುಗಳನ್ನು ಪರಿಶೀಲಿಸಿ ಅನುಮೋದನೆ ನೀಡಬಹುದು. ಇತರ ಪ್ರಕರಣಗಳಲ್ಲಿ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಶಿಫಾರಸು ಅಗತ್ಯವಾಗುತ್ತದೆ. ಕಡಲತೀರದ ರೆಸಾರ್ಟ್‌ಗಳು ತ್ಯಾಜ್ಯ ನೀರನ್ನಾಗಲೀ ಘನತ್ಯಾಜ್ಯವನ್ನಾಗಲೀ ಮರಳದಂಡೆಯ ಮೇಲೆ ಬಿಡುವಂತಿಲ್ಲ. ನಿವೇಶನವನ್ನು ಖರೀದಿಸುವ ಮೊದಲೇ ಅದು ವಲಯದೊಳಗೆ ಬರುತ್ತದೆಯೇ ಎಂಬುದನ್ನು ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಯಲ್ಲಿ ವಿಚಾರಿಸಿ ತಿಳಿಯುವುದು ಸೂಕ್ತ.

5. ಸಮ್ಮತಿಗಾಗಿ ಅರ್ಜಿ ಸಲ್ಲಿಸುವಾಗ ಗಮನಿಸಬೇಕಾದ ಅಂಶಗಳು

ಮಂಡಳಿಯ ಪ್ರಾದೇಶಿಕ ಕಚೇರಿಗಳು ಮಂಗಳೂರು, ಉಡುಪಿ ಮತ್ತು ಕಾರವಾರದಲ್ಲಿವೆ. ಅರ್ಜಿಯನ್ನು ಅಂತರ್ಜಾಲದ ಮೂಲಕ ಸಲ್ಲಿಸಬೇಕಾಗುತ್ತದೆ. ಅರ್ಜಿಯಲ್ಲಿ ಕೆಳಕಂಡ ವಿವರಗಳು ಸ್ಪಷ್ಟವಾಗಿರಬೇಕು:

1. ದಿನವೊಂದಕ್ಕೆ ಬಳಸುವ ನೀರು, ಅದರ ಮೂಲ ಮತ್ತು ಉತ್ಪತ್ತಿಯಾಗುವ ತ್ಯಾಜ್ಯ ನೀರಿನ ಪ್ರಮಾಣ. ಈ ಅಂಕಿಗಳು ಪರಸ್ಪರ ತಾಳೆಯಾಗಬೇಕು.
2. ಸಂಸ್ಕರಣಾ ಘಟಕದ ಸ್ವರೂಪ, ಸಾಮರ್ಥ್ಯ ಮತ್ತು ನಕ್ಷೆ.
3. ಸಂಸ್ಕರಿಸಿದ ನೀರನ್ನು ಬಿಡುವ ನಿಖರ ಸ್ಥಳ. "ಹತ್ತಿರದ ಚರಂಡಿಗೆ" ಎಂದಷ್ಟೇ ಬರೆಯದೆ, ಆ ಚರಂಡಿಯು ಯಾವ ತೋಡು ಅಥವಾ ನದಿಯನ್ನು ಸೇರುತ್ತದೆ ಎಂಬುದನ್ನು ತಿಳಿಸಬೇಕು.
4. ಮಳೆಗಾಲದ ವ್ಯವಸ್ಥೆ. ಸಂಸ್ಕರಿಸಿದ ನೀರನ್ನು ತೋಟಕ್ಕೆ ಬಳಸುವುದಾಗಿ ತಿಳಿಸಿದವರು, ನೆಲವು ನೀರನ್ನು ಹೀರದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ ಅದನ್ನು ಏನು ಮಾಡುವರೆಂಬುದನ್ನೂ ವಿವರಿಸಬೇಕು.
5. ಸಂಸ್ಕರಣೆಯಿಂದ ಉಳಿಯುವ ಕೆಸರಿನ ವಿಲೇವಾರಿ.

ಎಲ್ಲ ರೀತಿಯಲ್ಲಿಯೂ ಪೂರ್ಣವಾದ ಅರ್ಜಿಯನ್ನು ಸಲ್ಲಿಸಿದ ನಾಲ್ಕು ತಿಂಗಳೊಳಗೆ ಮಂಡಳಿಯು ತೀರ್ಮಾನ ಕೈಗೊಳ್ಳದಿದ್ದಲ್ಲಿ ಸಮ್ಮತಿ ನೀಡಿದಂತೆ ಭಾವಿಸತಕ್ಕದ್ದೆಂದು ಅಧಿನಿಯಮವು ತಿಳಿಸುತ್ತದೆ. ಅಪೂರ್ಣ ಅರ್ಜಿಗೆ ಈ ಸೌಲಭ್ಯವಿಲ್ಲ. ಸಮ್ಮತಿಯನ್ನು ನಿರಾಕರಿಸಿದಾಗ ಅಥವಾ ಷರತ್ತುಗಳಿಗೆ ಆಕ್ಷೇಪಣೆ ಇದ್ದಾಗ ಆದೇಶ ತಲುಪಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಸಕಾಲ ಯೋಜನೆಯ ಪಟ್ಟಿಯಲ್ಲಿರುವ ಸೇವೆಗಳಿಗೆ ಅರ್ಜಿದಾರರು 15 ಅಂಕಿಗಳ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆದಿಟ್ಟುಕೊಳ್ಳಬೇಕು.

6. ಅನುಮತಿ ಪತ್ರದ ವ್ಯಾಪ್ತಿಗೆ ಬಾರದ ಮಾಲಿನ್ಯ

ಕೊಳವೆಯ ತುದಿಯಿಂದ ಬರುವ ತ್ಯಾಜ್ಯವನ್ನು ಸಮ್ಮತಿ ಪತ್ರದ ಮೂಲಕ ನಿಯಂತ್ರಿಸಬಹುದು. ಆದರೆ ತೋಟ ಗದ್ದೆಗಳಿಂದ ಮಳೆಯೊಡನೆ ಹರಿಯುವ ಗೊಬ್ಬರ ಹಾಗೂ ಕೀಟನಾಶಕ, ರಸ್ತೆಯ ಎಣ್ಣೆ, ಗಾಳಿಗೆ ಹಾರುವ ಪ್ಲಾಸ್ಟಿಕ್ ಇವುಗಳಿಗೆ ಒಬ್ಬ ಅರ್ಜಿದಾರನೆಂಬುವನಿಲ್ಲ. ಗೊಬ್ಬರದ ಸಾರಜನಕ ಮತ್ತು ರಂಜಕವು ಅಳಿವೆಯಲ್ಲಿ ಪಾಚಿಯನ್ನು ಮಿತಿಮೀರಿ ಬೆಳೆಸುತ್ತದೆ. ಆ ಪಾಚಿಯು ಕೊಳೆಯುವಾಗ ನೀರಿನ ಆಮ್ಲಜನಕ ಕುಸಿಯುತ್ತದೆ. ಮಣ್ಣು ಪರೀಕ್ಷೆಯ ಆಧಾರದ ಮೇಲೆ ಗೊಬ್ಬರ ಬಳಸುವುದು ಮತ್ತು ಭಾರಿ ಮಳೆಯ ಮುನ್ಸೂಚನೆ ಇರುವಾಗ ಗೊಬ್ಬರ ಹಾಕದಿರುವುದು ರೈತರ ಖರ್ಚನ್ನೂ ಉಳಿಸುತ್ತದೆ.

ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್ ಮುಂತಾದವುಗಳನ್ನು ರಾಜ್ಯ ಸರ್ಕಾರವು 2016ರ ಮಾರ್ಚ್ 11ರ ಅಧಿಸೂಚನೆಯ ಮೂಲಕ ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಗುರುತಿಸಲಾದ ಪ್ಲಾಸ್ಟಿಕ್ ವಸ್ತುಗಳನ್ನು ಕೇಂದ್ರ ಸರ್ಕಾರವು 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿಸಿದೆ. ಪ್ಲಾಸ್ಟಿಕ್ ಮಾಲಿನ್ಯದ ಬಗ್ಗೆ ಜಾಗತಿಕ ಒಪ್ಪಂದವನ್ನು ರೂಪಿಸಲು 2022ರಲ್ಲಿ ವಿಶ್ವಸಂಸ್ಥೆಯ ಪರಿಸರ ಸಭೆಯು ನಿರ್ಣಯಿಸಿತಾದರೂ 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ನಡೆದ ಮಾತುಕತೆಯು ಒಮ್ಮತವಿಲ್ಲದೆ ಮುಕ್ತಾಯವಾಯಿತು. ಜಾಗತಿಕ ಒಪ್ಪಂದವು ಬರಲಿ ಬಾರದಿರಲಿ, ತೋಡಿನಲ್ಲಿ ಬಿದ್ದ ಚೀಲವು ಮುಂದಿನ ಮಳೆಗೆ ಕಡಲನ್ನು ಸೇರುತ್ತದೆ. ಆದುದರಿಂದ ಕಸವನ್ನು ಮನೆಯಲ್ಲಿಯೇ ವಿಂಗಡಿಸಿ ಸ್ಥಳೀಯ ಸಂಸ್ಥೆಯ ವಾಹನಕ್ಕೆ ನೀಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವಾಗಿದೆ.

7. ಮಾಹಿತಿ ಪಡೆಯುವ ಮತ್ತು ದೂರು ನೀಡುವ ಹಕ್ಕು

ಮಂಡಳಿಯು ನೀಡಿದ ಸಮ್ಮತಿಯ ಷರತ್ತುಗಳನ್ನು ಒಂದು ವಹಿಯಲ್ಲಿ ದಾಖಲಿಸತಕ್ಕದ್ದು. ಆ ಹೊರಹರಿವಿನಿಂದ ಬಾಧಿತರಾದ ಅಥವಾ ಅದರಲ್ಲಿ ಹಿತಾಸಕ್ತಿ ಉಳ್ಳ ಯಾವುದೇ ವ್ಯಕ್ತಿಯು ವಹಿಯ ಸಂಬಂಧಿತ ಭಾಗವನ್ನು ಪರಿಶೀಲಿಸಬಹುದೆಂದು 25ನೇ ಪ್ರಕರಣದಲ್ಲಿಯೇ ಹೇಳಲಾಗಿದೆ. ಮೀನುಗಾರರು, ಬಾವಿಯ ಮಾಲೀಕರು ಮತ್ತು ನೆರೆಹೊರೆಯವರು ಈ ಹಕ್ಕನ್ನು ಉಪಯೋಗಿಸಿಕೊಳ್ಳಬಹುದು. ನೀರಿನ ಪರೀಕ್ಷಾ ವರದಿಗಳಿಗಾಗಿ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿಯೂ ಅರ್ಜಿ ಸಲ್ಲಿಸಬಹುದು.

ದೂರು ನೀಡುವಾಗ ಸ್ಥಳ, ದಿನಾಂಕ, ವೇಳೆ, ನೀರಿನ ಬಣ್ಣ ಹಾಗೂ ವಾಸನೆ ಮತ್ತು ಆಗ ಉಬ್ಬರವಿತ್ತೇ ಇಳಿತವಿತ್ತೇ ಎಂಬುದನ್ನು ಬರೆಯಬೇಕು. ತ್ಯಾಜ್ಯವನ್ನು ಹೆಚ್ಚಾಗಿ ರಾತ್ರಿ ಅಥವಾ ಭಾರಿ ಮಳೆಯ ವೇಳೆ ಬಿಟ್ಟಲ್ಲಿ, ಮರುದಿನ ಬರುವ ಅಧಿಕಾರಿಗೆ ಈ ವಿವರಗಳೇ ದಾರಿ ತೋರಿಸುತ್ತವೆ. ಕಾನೂನು ಕ್ರಮಕ್ಕೆ ಅಧಿಕಾರಿಗಳು ವಿಧಿಬದ್ಧವಾಗಿ ಸಂಗ್ರಹಿಸಿದ ಮಾದರಿಯೇ ಆಧಾರವಾಗುವುದರಿಂದ ದೂರನ್ನು ಕೂಡಲೇ ನೀಡುವುದು ಮುಖ್ಯ. ಉಲ್ಲಂಘನೆ ಕಂಡುಬಂದಲ್ಲಿ ಘಟಕವನ್ನು ಮುಚ್ಚುವಂತೆಯೂ, ಅದರ ವಿದ್ಯುತ್ ಮತ್ತು ನೀರಿನ ಪೂರೈಕೆಯನ್ನು ನಿಲ್ಲಿಸುವಂತೆಯೂ ನಿರ್ದೇಶನ ನೀಡಲು 33ಎ ಪ್ರಕರಣದಲ್ಲಿ ಮಂಡಳಿಗೆ ಅಧಿಕಾರವಿದೆ. ಪರಿಹಾರ ದೊರೆಯದಿದ್ದಲ್ಲಿ 2010ರ ಅಧಿನಿಯಮದ ಅಡಿಯಲ್ಲಿ ರಚಿತವಾದ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಚೆನ್ನೈ ಪೀಠವನ್ನು ಸಮೀಪಿಸಬಹುದು.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಮ್ಮ ಊರು ಕಡಲಿನಿಂದ 40 ಕಿ.ಮೀ. ದೂರದಲ್ಲಿದೆ. ಈ ನಿಯಮಗಳು ನಮಗೆ ಅನ್ವಯವಾಗುತ್ತವೆಯೇ?
ಉತ್ತರ: ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅನ್ವಯವಾಗುವುದಿಲ್ಲ. ಜಲ ಅಧಿನಿಯಮವು ಅನ್ವಯವಾಗುತ್ತದೆ.

ಪ್ರಶ್ನೆ: ನಮ್ಮ ಬೀದಿಗೆ ಇತ್ತೀಚೆಗೆ ಒಳಚರಂಡಿ ಬಂದಿದೆ. ಹಳೆಯ ಗುಂಡಿಯನ್ನೇ ಮುಂದುವರಿಸಬಹುದೇ?
ಉತ್ತರ: ಒಳಚರಂಡಿ ಸಂಪರ್ಕವನ್ನು ಪಡೆದು, ಹಳೆಯ ಗುಂಡಿಯನ್ನು ಯಂತ್ರದ ಮೂಲಕ ತೆರವುಗೊಳಿಸಿ ಮುಚ್ಚಬೇಕು. ಹಾಗೆಯೇ ಬಿಟ್ಟ ಗುಂಡಿಯು ಮಳೆಗಾಲದಲ್ಲಿ ತುಂಬಿ ಬಾವಿಗಳನ್ನು ಕೆಡಿಸುತ್ತದೆ.

ಪ್ರಶ್ನೆ: ಸಂಸ್ಕರಣಾ ಘಟಕವು ಕೆಟ್ಟು ತ್ಯಾಜ್ಯವು ಆಕಸ್ಮಿಕವಾಗಿ ಹೊಳೆಯನ್ನು ಸೇರಿದರೆ ಏನು ಮಾಡಬೇಕು?
ಉತ್ತರ: 31ನೇ ಪ್ರಕರಣದ ಪ್ರಕಾರ ಘಟಕದ ಹೊಣೆ ಹೊತ್ತವರು ಮಂಡಳಿಗೆ ಕೂಡಲೇ ತಿಳಿಸತಕ್ಕದ್ದು. ಕೆಳಭಾಗದಲ್ಲಿ ನದಿಯ ನೀರನ್ನು ಬಳಸುವವರನ್ನು ಸಕಾಲದಲ್ಲಿ ಎಚ್ಚರಿಸಲು ಇದರಿಂದ ಸಾಧ್ಯವಾಗುತ್ತದೆ.

ಪ್ರಶ್ನೆ: ಸಮ್ಮತಿ ಪತ್ರವು ಒಮ್ಮೆ ದೊರೆತರೆ ಸಾಕೇ?
ಉತ್ತರ: ಸಾಲದು. ಪತ್ರದಲ್ಲಿ ನಮೂದಿಸಿದ ಅವಧಿ ಮುಗಿಯುವ ಮೊದಲು ನವೀಕರಿಸಬೇಕು. ಉತ್ಪಾದನೆ ಅಥವಾ ಕೊಠಡಿಗಳ ಸಂಖ್ಯೆಯನ್ನು ಹೆಚ್ಚಿಸುವಾಗ ಹೊಸದಾಗಿ ಸಮ್ಮತಿ ಪಡೆಯಬೇಕು.

ಅರ್ಜಿದಾರರು ನಮೂನೆಯಲ್ಲಿ ತ್ಯಾಜ್ಯ ನೀರಿನ ಬಗ್ಗೆ ಕೇಳಿರುವ ಪ್ರತಿಯೊಂದು ಪ್ರಶ್ನೆಗೂ ನೈಜವಾದ ಉತ್ತರವನ್ನು ನೀಡಿ, ಸಮ್ಮತಿ ಪತ್ರದ ಷರತ್ತುಗಳನ್ನು ಪಾಲಿಸುವ ಮೂಲಕ ಬಾವಿ, ನದಿ ಮತ್ತು ಕಡಲಿನ ಸಂರಕ್ಷಣೆಯಲ್ಲಿ ಸಹಕರಿಸಬೇಕೆಂದು ಕೋರಲಾಗಿದೆ.